ಮನೆಯ ಆರೈಕೆಗೆ ಬಂದವರ ಪರ್ಮಿಟ್, ಅವರ ಪಿಆರ್: ಕೆನಡಾದ ವಲಸೆ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ವಲಸೆ, ನಿರಾಶ್ರಿತರು ಮತ್ತು ಪೌರತ್ವ ಸಚಿವರು, ಒಟ್ಟಾವಾ;
ಹಾಗೂ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಲು ಮನೆಯಲ್ಲಿ ವಿದೇಶಿ ಕೆಲಸಗಾರರನ್ನು ಇಟ್ಟುಕೊಂಡಿರುವ ಕೆನಡಾದ ಕನ್ನಡ ಕುಟುಂಬಗಳಿಗೆ

ಮಾನ್ಯರೇ,

2025ರ ಮಾರ್ಚ್ 31ರಂದು ನಿಮ್ಮ ಇಲಾಖೆ ಮನೆ ಆರೈಕೆ ಕೆಲಸಗಾರರಿಗೆ ಕಾಯಂ ವಾಸದ ಸ್ಥಾನ (ಪಿಆರ್) ಕೊಡುವ ಪೈಲಟ್ (ಪ್ರಾಯೋಗಿಕ) ಯೋಜನೆಗಳಿಗೆ ಆನ್‌ಲೈನ್ ಅರ್ಜಿ ಕರೆಯಿತು. ಮಕ್ಕಳ ಆರೈಕೆಗೆ 2,750, ಹಿರಿಯರ ಹಾಗೂ ಅಶಕ್ತರ ಆರೈಕೆಗೆ 2,750 ಅರ್ಜಿಗಳ ಮಿತಿ ಇತ್ತು. ಗಂಟೆಗಳ ಲೆಕ್ಕದಲ್ಲಿ ಅವು ತುಂಬಿಹೋದವು. ಆ ಬೆಳಿಗ್ಗೆ ಒಂಬತ್ತು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಾಲು ಕುಡಿಸುತ್ತಿದ್ದವರಿಗೆ, ಹಾಸಿಗೆ ಹಿಡಿದ ಅಜ್ಜನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತಿದ್ದವರಿಗೆ ಕಂಪ್ಯೂಟರ್ ಮುಂದೆ ಕೂರಲು ಪುರಸೊತ್ತು ಇರಲಿಲ್ಲ ಎಂಬುದು ಆ ಯೋಜನೆಯನ್ನು ರೂಪಿಸಿದವರಿಗೆ ಹೊಳೆಯಲಿಲ್ಲವೇನೋ.

ಬಾಗಿಲು ಮುಚ್ಚಿರುವ ಈ ಹೊತ್ತಿನಲ್ಲಿ ನಾವು ಹೇಳಬೇಕಾದದ್ದು ಇಷ್ಟು. ಈ ಕೆಲಸಗಾರರ ದುಡಿಯುವ ಹಕ್ಕನ್ನು ನೀವು ಒಂದು ಮನೆಗೆ ಕಟ್ಟಿಹಾಕಿದ್ದೀರಿ, ಉಳಿಯುವ ಹಕ್ಕನ್ನು ಒಂದು ಬೆಳಗಿನ ವೇಗದ ಓಟಕ್ಕೆ ಬಿಟ್ಟಿದ್ದೀರಿ. ಅವರು ಎಷ್ಟು ಕಾಲ ದುಡಿದರು, ಹೇಗೆ ದುಡಿದರು ಎಂಬುದು ಎರಡರಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಇದು ಎಲ್ಲೆಲ್ಲಿ ಹೇಗೆ ಕೆಡುತ್ತದೆ ಎಂಬುದನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ. ಪತ್ರ ಕನ್ನಡದಲ್ಲಿರುವುದಕ್ಕೆ ಕಾರಣವೂ ಇದೆ. ತಪ್ಪುಗಳೆಲ್ಲ ಇಲಾಖೆಯವಲ್ಲ. ಸಂಬಳದ ಲೆಕ್ಕ ಇಡದ ಮನೆಯವರದ್ದೂ ಇವೆ, ಅವರು ಓದಬೇಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1955ರಲ್ಲಿ ವೆಸ್ಟ್ ಇಂಡೀಸ್‌ನಿಂದ ಮನೆಗೆಲಸಕ್ಕೆ ಹೆಂಗಸರನ್ನು ಕರೆತರುವ ಯೋಜನೆ ಶುರುವಾದಾಗ ಜಮೈಕಾ ಮತ್ತು ಬಾರ್ಬಡೋಸ್‌ನಿಂದ ಬಂದ ಮೊದಲ ನೂರು ಮಂದಿಗೆ ಇಳಿದ ದಿನವೇ ಕಾಯಂ ವಾಸದ ಸ್ಥಾನ ಸಿಕ್ಕಿತ್ತು. ಒಂದು ವರ್ಷ ಮನೆಗೆಲಸ ಮಾಡಬೇಕು, ಆಮೇಲೆ ಬೇಕಾದ ಕೆಲಸ ಹಿಡಿಯಬಹುದು. ಆದರೆ ಮದುವೆಯಾಗಿರಬಾರದು, ಮಕ್ಕಳಿರಬಾರದು. 1973ರಲ್ಲಿ ಇಡೀ ವ್ಯವಸ್ಥೆ ತಾತ್ಕಾಲಿಕ ಪರ್ಮಿಟ್‌ಗೆ ತಿರುಗಿತು. ಮಕ್ಕಳಿರುವುದನ್ನು ಹೇಳಲಿಲ್ಲ ಎಂಬ ಕಾರಣಕ್ಕೆ ಏಳು ಜಮೈಕನ್ ತಾಯಂದಿರನ್ನು ಗಡೀಪಾರು ಮಾಡಲು ಹೊರಟಾಗ ಎದ್ದ ಹೋರಾಟ 1979ರಲ್ಲಿ ಗೆದ್ದಿತು. ದುಡಿಯಲು ಯೋಗ್ಯರಾದವರು ಉಳಿಯಲೂ ಯೋಗ್ಯರು ಎಂಬ ಘೋಷಣೆ ಆ ಕಾಲದ್ದು. 1981ರಲ್ಲಿ ಎರಡು ವರ್ಷ ದುಡಿದವರು ಕೆನಡಾದೊಳಗಿನಿಂದಲೇ ಕಾಯಂ ವಾಸಕ್ಕೆ ಅರ್ಜಿ ಹಾಕುವ ದಾರಿ ಬಂತು. 1992ರಲ್ಲಿ ಅದೇ ಲೈವ್-ಇನ್ ಕೇರ್‌ಗಿವರ್ (ಮನೆಯಲ್ಲೇ ಇದ್ದು ಆರೈಕೆ ಮಾಡುವವರ) ಯೋಜನೆಯಾಯಿತು, 2014ರ ನವೆಂಬರ್ 30ರಂದು ಅದನ್ನು ಹೊಸಬರಿಗೆ ಮುಚ್ಚಿ ವರ್ಷಕ್ಕೆ 2,750ರ ಎರಡು ಮಿತಿಗಳನ್ನು ತಂದರು. 2019ರ ಜೂನ್ 18ರಂದು ಮತ್ತೆರಡು ಪೈಲಟ್‌ಗಳು ಬಂದವು, ಐದು ವರ್ಷ ನಡೆದು 2024ರ ಜೂನ್ 17ರಂದು ಮುಗಿದವು. ಅದೇ ಜೂನ್ ತಿಂಗಳ ಮೊದಲ ವಾರದಲ್ಲಿ ನಿಮ್ಮ ಹಿಂದಿನ ಸಚಿವರು ‘ಬಂದಿಳಿದ ದಿನವೇ ಪಿಆರ್’ ಎಂದು ಘೋಷಿಸಿದರು. ಅಂದರೆ ಸುಮಾರು ಎಪ್ಪತ್ತು ವರ್ಷ ಸುತ್ತಿ ಹೊರಟ ಜಾಗಕ್ಕೇ ಬಂದೆವು. ಈ ಸಲ ಮಕ್ಕಳಿದ್ದರೂ ಆಗಬಹುದು ಎಂಬುದೊಂದೇ ಮುನ್ನಡೆ. ಆದರೆ 2025ರಲ್ಲಿ ತೆರೆದದ್ದು ಕೆನಡಾದೊಳಗೆ ಈಗಾಗಲೇ ಕೆಲಸದ ಅನುಮತಿ ಇರುವವರ ವಿಭಾಗ ಮಾತ್ರ. ಹೊರಗಿನಿಂದ ಬರುವವರ ವಿಭಾಗ ಕಾಗದದಲ್ಲೇ ಉಳಿಯಿತು.

ಈ ನಡುವೆ ಅರ್ಹತೆ ಸಡಿಲವಾಗುತ್ತಲೇ ಬಂತು. 24 ತಿಂಗಳ ಅನುಭವ ಬೇಕಿದ್ದದ್ದು 2023ರ ಏಪ್ರಿಲ್ 30ರಿಂದ 12 ತಿಂಗಳಿಗೆ ಇಳಿಯಿತು, 2025ರಲ್ಲಿ ಆರು ತಿಂಗಳಾಯಿತು. ಭಾಷೆಯಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 5 ಇದ್ದದ್ದು 4 ಆಯಿತು. ಪ್ರೌಢಶಿಕ್ಷಣದ ನಂತರ ಒಂದು ವರ್ಷದ ಓದು ಬೇಕಿತ್ತು, ಈಗ ಕೆನಡಾದ ಹೈಸ್ಕೂಲಿಗೆ ಸಮನಾದದ್ದಿದ್ದರೆ ಸಾಕು. ಇವೆಲ್ಲ ಒಳ್ಳೆಯವೇ, ನಾವೂ ಕೇಳಿದ್ದವೇ. ಆದರೆ ಅರ್ಹರ ಸಂಖ್ಯೆ ಹಿಗ್ಗಿಸಿ ಮಿತಿಯನ್ನು 2,750ಕ್ಕೇ ಇಟ್ಟರೆ ಆಗುವುದೇನು? ಬಾಗಿಲ ಮುಂದಿನ ಜಾತ್ರೆ ದೊಡ್ಡದಾಗುತ್ತದೆ, ಬಾಗಿಲು ಅಷ್ಟೇ ಇರುತ್ತದೆ. ಐದಾರು ವರ್ಷ ದುಡಿದವರೂ ಆರು ತಿಂಗಳು ದುಡಿದವರೂ ಒಂದೇ ಕ್ಷಣದಲ್ಲಿ ಒಂದೇ ಗುಂಡಿ ಒತ್ತುತ್ತಾರೆ. ಇಂಟರ್ನೆಟ್ ಯಾರದ್ದು ಚುರುಕೋ ಅವರು ಒಳಗೆ.

ಇವರಿಗೆ ಬೇರೆ ದಾರಿ ಇಲ್ಲವೇ ಎಂದು ಕೇಳುವವರಿಗೆ ಎನ್‌ಒಸಿ ಸಂಕೇತವನ್ನು ಬಿಡಿಸಿ ಹೇಳಬೇಕು. (ಇದು ನಮ್ಮ ಊರಿನ ಕಚೇರಿಗಳ ನಿರಾಕ್ಷೇಪಣಾ ಪತ್ರವಲ್ಲ, ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ.) ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಸಂಕೇತ 44100, ಹಿರಿಯರನ್ನೂ ಅಶಕ್ತರನ್ನೂ ನೋಡಿಕೊಳ್ಳುವವರದ್ದು 44101. ಐದಂಕಿಯಲ್ಲಿ ಎರಡನೆಯದು ಟೀರ್ ಮಟ್ಟ, ಅಂದರೆ ಕೆಲಸಕ್ಕೆ ಬೇಕಾದ ತರಬೇತಿ, ಓದು, ಅನುಭವ, ಹೊಣೆಗಳ ಮೆಟ್ಟಿಲು; ಅಂಕಿ ಹೆಚ್ಚಿದಷ್ಟೂ ಮೆಟ್ಟಿಲು ಕೆಳಗೆ. ಇಬ್ಬರದ್ದೂ 4. ನುರಿತ ಕೆಲಸಗಾರರಿಗೆ ಅಂಕಗಳ ಮೇಲೆ ಪಿಆರ್ ಕೊಡುವ ಎಕ್ಸ್‌ಪ್ರೆಸ್ ಎಂಟ್ರಿಗೆ 0ಯಿಂದ 3ರವರೆಗಿನ ಅನುಭವ ಮಾತ್ರ ನಡೆಯುತ್ತದೆ. ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ರೋಗಿಯನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತಿನ್ನಿಸುವ ಸಹಾಯಕರ ಸಂಕೇತ 33102. ಅದು ಟೀರ್ 3. ಅವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆರೋಗ್ಯ ಕ್ಷೇತ್ರದ ಪ್ರತ್ಯೇಕ ಆಯ್ಕೆಗೂ ಅವಕಾಶವಿದೆ. ಅದೇ ರೋಗಿ, ಅದೇ ಡಯಾಪರ್, ಅದೇ ಲಿಫ್ಟ್. ಜಾಗ ಮನೆಯಾದ ತಕ್ಷಣ ಕೆಲಸ ಕೆಳಗಿನ ಮೆಟ್ಟಿಲಿಗೆ ಜಾರುತ್ತದೆ. ಆಸ್ಪತ್ರೆಯಲ್ಲಿ ಪಾಳಿ ಮುಗಿದರೆ ಇನ್ನೊಬ್ಬರು ಬರುತ್ತಾರೆ, ಪಕ್ಕದಲ್ಲಿ ನರ್ಸ್ ಇರುತ್ತಾರೆ. ಮನೆಯಲ್ಲಿ ಒಬ್ಬರೇ. ಕಷ್ಟ ಎಲ್ಲಿ ಹೆಚ್ಚು ಎಂಬುದನ್ನು ಈ ಅಂಕಿ ತಲೆಕೆಳಗು ಮಾಡಿ ಹೇಳುತ್ತಿದೆ. ಕೆಲವು ಪ್ರಾಂತ್ಯಗಳ ನಾಮನಿರ್ದೇಶನ ಯೋಜನೆಗಳನ್ನೂ ಪ್ರಾದೇಶಿಕ ಯೋಜನೆಗಳನ್ನೂ ಬಿಟ್ಟರೆ 44100, 44101ರವರಿಗೆ ನಿಮ್ಮ ಪೈಲಟ್ ಒಂದೇ ದಾರಿ. ಒಂದೇ ದಾರಿಯನ್ನು ಒಂದೇ ದಿನ ತೆರೆದಿಟ್ಟರೆ ಅದು ದಾರಿಯಲ್ಲ, ಲಾಟರಿ.

ಈ ಟೀರ್ 4ರ ಏಟು ಸಂಸಾರಕ್ಕೂ ಬೀಳುತ್ತದೆ. 2025ರ ಜನವರಿ 21ರಿಂದ ಕೆಲಸಗಾರರ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್ (ಯಾರ ಬಳಿಯಾದರೂ ದುಡಿಯುವ ಅನುಮತಿ) ಸಿಗುವುದು ಟೀರ್ 0, 1 ಮತ್ತು ಆಯ್ದ ಕೆಲವು 2, 3ರ ಕೆಲಸಗಳಿಗೆ ಮಾತ್ರ. ಹಾಗಾಗಿ ಮನೆ ಆರೈಕೆಗೆ ಬಂದವರ ಗಂಡನೋ ಹೆಂಡತಿಯೋ ಈ ನೆಲೆಯಲ್ಲಿ ಬಂದು ದುಡಿಯುವಂತಿಲ್ಲ. ಇನ್ನೊಬ್ಬರ ಮಕ್ಕಳನ್ನು ಸಾಕುವವರು ತಮ್ಮ ಮಕ್ಕಳನ್ನು ವಿಡಿಯೊ ಕರೆಯಲ್ಲಿ ಬೆಳೆಸುತ್ತಿದ್ದಾರೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ತಲೆದೂಗಿದ ಮೇಲೂ ಈ ಪಟ್ಟಿಗೆ ಎರಡು ಸಂಕೇತ ಸೇರಿಸಲು ಏನು ಅಡ್ಡಿಯೋ ತಿಳಿಯದು.

ಇನ್ನು ಪರ್ಮಿಟ್. ಒಬ್ಬ ಉದ್ಯೋಗದಾತನಿಗೇ ಕಟ್ಟಿದ ಪರ್ಮಿಟ್ ತೋಟದಲ್ಲಿ, ಕಾರ್ಖಾನೆಯಲ್ಲಿ ಕೂಡ ಕೆಟ್ಟದ್ದೇ. ಮನೆಯಲ್ಲಿ ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಮನೆಯ ಕೆಲಸ ತನ್ನಷ್ಟಕ್ಕೆ ಮುಗಿಯುವಂಥದ್ದು. ಕಾರ್ಖಾನೆ ಹತ್ತು ವರ್ಷ ನಡೆಯಬಹುದು. ಮಗು ನಾಲ್ಕೈದು ವರ್ಷಕ್ಕೆ ಶಾಲೆಗೆ ಹೋಗುತ್ತದೆ, ಅಲ್ಲಿಗೆ ವಾರಕ್ಕೆ 30 ಗಂಟೆಯ ಪೂರ್ಣಾವಧಿ ಕೆಲಸ 15 ಗಂಟೆಗೆ ಇಳಿಯುತ್ತದೆ, 30ಕ್ಕಿಂತ ಕಡಿಮೆಯಾದದ್ದು ಪೂರ್ಣಾವಧಿಯಲ್ಲ. ತಾಯಿಗೆ ಮತ್ತೊಂದು ಹೆರಿಗೆ ರಜೆ ಸಿಕ್ಕರೆ ಆರೈಕೆಯವರ ಅಗತ್ಯ ನಿಲ್ಲುತ್ತದೆ. ಹಿರಿಯರ ಮನೆಯಲ್ಲಿ ಮುಕ್ತಾಯ ಇನ್ನೂ ಖಚಿತ: ಅವರು ಆಸ್ಪತ್ರೆ ಸೇರುತ್ತಾರೆ, ವೃದ್ಧಾಶ್ರಮಕ್ಕೆ ಹೋಗುತ್ತಾರೆ, ಇಲ್ಲವೇ ತೀರಿಕೊಳ್ಳುತ್ತಾರೆ. ತಿಥಿ ಮುಗಿಯುವ ಮೊದಲೇ ಆರೈಕೆಯವರ ಪರ್ಮಿಟ್ ಬರಿಯ ಕಾಗದವಾಗಿರುತ್ತದೆ. ಹೊಸ ಮನೆ ಹುಡುಕಬೇಕು. ಆ ಮನೆಯವರು ಮೊದಲಿನಿಂದ ಎಲ್‌ಎಂಐಎಗೆ (ವಿದೇಶಿ ಕೆಲಸಗಾರರನ್ನು ಇಟ್ಟುಕೊಳ್ಳಲು ಸರ್ಕಾರದ ಒಪ್ಪಿಗೆ) ಅರ್ಜಿ ಹಾಕಬೇಕು, ಸರ್ಕಾರದ ಉದ್ಯೋಗ ಜಾಲತಾಣವಾದ ಜಾಬ್ ಬ್ಯಾಂಕ್‌ನಲ್ಲಿ ವಾರಗಟ್ಟಲೆ ಜಾಹೀರಾತು ಕೊಡಬೇಕು, ಮಗುವಿನ ಜನನ ಪತ್ರವನ್ನೋ ವೈದ್ಯರ ಪತ್ರವನ್ನೋ ಲಗತ್ತಿಸಬೇಕು, ಸಂಬಳ ಕೊಡುವ ಶಕ್ತಿ ಇದೆಯೆಂದು ತೆರಿಗೆ ಕಾಗದ ತೋರಿಸಬೇಕು. ಅದಾದ ಮೇಲೆ ಹೊಸ ಪರ್ಮಿಟ್. ತಿಂಗಳುಗಳು ಹೋಗುತ್ತವೆ. ಅಷ್ಟರಲ್ಲಿ ಹಳೆಯ ಪರ್ಮಿಟ್‌ನ ದಿನಾಂಕ ಮುಗಿದರೆ ಸ್ಥಾನಮಾನ ಮರಳಿ ಪಡೆಯಲು 90 ದಿನ. ಆ ದಿನಗಳಲ್ಲಿ ದುಡಿಯುವಂತಿಲ್ಲ. ಹೊಟ್ಟೆಪಾಡಿಗೆ ಎರಡು ಶನಿವಾರ ಇನ್ನೊಬ್ಬರ ಮನೆಯಲ್ಲಿ ಕೂಸು ನೋಡಿಕೊಂಡರೆ ಅದು ಅನಧಿಕೃತ ಕೆಲಸ. ಆ ಅನುಭವ ಪಿಆರ್ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ ಅಲ್ಲ, ಮುಂದಿನ ಪರ್ಮಿಟ್ಟಿಗೂ ಕುತ್ತು.

ದೌರ್ಜನ್ಯ ಅನುಭವಿಸುವವರಿಗೆ ದುರ್ಬಲ ಕೆಲಸಗಾರರ ಓಪನ್ ಪರ್ಮಿಟ್ ಇದೆಯಲ್ಲ ಎನ್ನುತ್ತೀರಿ. ಇದೆ, 2019ರ ಜೂನ್ 4ರಿಂದ ಇದೆ, ಶುಲ್ಕವೂ ಇಲ್ಲ. ಆದರೆ ಅರ್ಜಿ ಹಾಕುವಾಗ ಕಟ್ಟಿದ ಪರ್ಮಿಟ್ ಊರ್ಜಿತವಾಗಿರಬೇಕು, ಇಲ್ಲವೇ ಅದರ ನವೀಕರಣದ ಅರ್ಜಿ ಬಾಕಿ ಇರಬೇಕು. ಅದು ಸಾಮಾನ್ಯವಾಗಿ ಒಂದು ವರ್ಷದ್ದು. ಹೊಡೆತ, ಬೈಗುಳ, ಸಂಬಳ ತಡೆಹಿಡಿದದ್ದು, ಪಾಸ್‌ಪೋರ್ಟ್ ಕಸಿದದ್ದು, ಇವುಗಳಿಗೆ ಪುರಾವೆ ಬೇಕು. ಅಜ್ಜಿ ತೀರಿಕೊಂಡರೆ ಅದು ಯಾರ ದೌರ್ಜನ್ಯ? ಆ ಪರ್ಮಿಟ್ ಇಂಥವರಿಗಲ್ಲ.

ಮದ್ದು ನಿಮ್ಮ ಕೈಯಲ್ಲೇ ಇತ್ತು. 2019ರ ಪೈಲಟ್‌ನಲ್ಲಿ ಉದ್ಯೋಗಕ್ಕೆ ಸೀಮಿತವಾದ ಓಪನ್ ಪರ್ಮಿಟ್ ಕೊಟ್ಟಿರಿ. ಮಕ್ಕಳ ಆರೈಕೆಯ ಕೆಲಸವನ್ನೇ ಮಾಡಬೇಕು, ಆದರೆ ಯಾವ ಮನೆಯಲ್ಲಾದರೂ ಸರಿ. ಮನೆಯ ಕೆಲಸದ ಸ್ವಭಾವಕ್ಕೆ ಹೊಂದುವ ಪರ್ಮಿಟ್ ಅದೊಂದೇ. ಅಲ್ಲಿ ತಪ್ಪಿದ್ದು ಕಾಲದಲ್ಲಿ. ಪಿಆರ್ ಅರ್ಜಿಯ ಮೊದಲ ಹಂತದ ಪರಿಶೀಲನೆ ಮುಗಿದ ಮೇಲೆಯೇ ಅದು ಕೈಗೆ ಬರುತ್ತಿತ್ತು. ಕೆಲಸ ಹೋಗಿ, ಪರ್ಮಿಟ್ ಮುಗಿದು, ಉಳಿತಾಯ ಕರಗಿದ ಮೇಲೆ ಬಂದ ಓಪನ್ ಪರ್ಮಿಟ್ ಊಟಕ್ಕಿಲ್ಲದ ಉಪ್ಪಿನಕಾಯಿ. ಹೊಸ ಯೋಜನೆ ಯಾವಾಗ ತೆರೆದರೂ, 44100 ಮತ್ತು 44101ರಲ್ಲಿ ಈಗಾಗಲೇ ಪರ್ಮಿಟ್ ಇರುವ ಪ್ರತಿಯೊಬ್ಬರಿಗೂ ಪಿಆರ್ ಅರ್ಜಿಯ ಗೊಡವೆಯಿಲ್ಲದೆ ಉದ್ಯೋಗ-ಸೀಮಿತ ಪರ್ಮಿಟ್ ಕೊಡಿ. ಇದಕ್ಕೆ ಮಿತಿಯ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ.

ಅನುಭವದ ಎಣಿಕೆಯಲ್ಲೂ ಹಳೆಯ ಒಂದು ಒಳ್ಳೆಯ ಪದ್ಧತಿಯನ್ನು ಮರೆತಿದ್ದೀರಿ. ಲೈವ್-ಇನ್ ಯೋಜನೆಯಲ್ಲಿ 2010ರ ಏಪ್ರಿಲ್‌ನಿಂದ 24 ತಿಂಗಳ ಬದಲು 3,900 ಗಂಟೆ ಎಂದು ಎಣಿಸಲು ಅವಕಾಶವಿತ್ತು. ಕನಿಷ್ಠ 22 ತಿಂಗಳಲ್ಲಿ, ಅದರಲ್ಲಿ 390ರವರೆಗೆ ಹೆಚ್ಚುವರಿ ದುಡಿಮೆಯ ಗಂಟೆ ಸೇರಿಸಬಹುದಿತ್ತು. ಇಂದಿನ ಆರು ತಿಂಗಳನ್ನು ವಾರಕ್ಕೆ 30ರಂತೆ ಗುಣಿಸಿದರೆ 780 ಗಂಟೆ. ವಾರಕ್ಕೆ 44 ಗಂಟೆ ದುಡಿಯುವವರು ಅಷ್ಟನ್ನು ಹದಿನೆಂಟು ವಾರದಲ್ಲಿ ಮುಗಿಸುತ್ತಾರೆ. ಅಜ್ಜ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರೆ ತಿಂಗಳ ಲೆಕ್ಕ ವಾದಕ್ಕೆ ಬೀಳುತ್ತದೆ, ಗಂಟೆಯ ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಈಗ ಅರ್ಜಿಯ ವಿಷಯ. ಇದನ್ನು ಸಚಿವರಷ್ಟೇ ಕೆಲಸಗಾರರೂ ಗಮನವಿಟ್ಟು ಓದಬೇಕು.

ವಲಸೆ ನಿಯಮಾವಳಿಯ 10ನೇ ಕಲಮಿನಂತೆ ಕೇಳಿದ್ದರಲ್ಲಿ ಒಂದು ಕಾಗದ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗುವುದಿಲ್ಲ, ವಾಪಸಾಗುತ್ತದೆ. ಬಂದೇ ಇರಲಿಲ್ಲ ಎಂಬ ಲೆಕ್ಕ. ವರ್ಷವಿಡೀ ತೆರೆದಿರುವ ಯೋಜನೆಯಲ್ಲಿ ಇದು ಸಣ್ಣ ತೊಂದರೆ, ತಿದ್ದಿ ಮತ್ತೆ ಕಳಿಸಿದರಾಯಿತು. ಗಂಟೆಗಳಲ್ಲಿ ಮುಚ್ಚುವ ಯೋಜನೆಯಲ್ಲಿ ಇದೇ ಮರಣಶಾಸನ, ಯಾಕೆಂದರೆ ವಾಪಸು ಬರುವಷ್ಟರಲ್ಲಿ ಮಿತಿ ಮುಗಿದು ತಿಂಗಳುಗಳಾಗಿರುತ್ತವೆ. ಮಕ್ಕಳ ವಯಸ್ಸಿಗೂ ಇದೇ ಗಂಟು ಬಿದ್ದಿದೆ. ಅವಲಂಬಿತ ಮಗುವಿಗೆ 22 ತುಂಬಿರಬಾರದು, ಆ ವಯಸ್ಸು ಹಿಡಿದಿಡುವುದು ಸಂಪೂರ್ಣ ಅರ್ಜಿ ತಲುಪಿದ ದಿನಕ್ಕೆ. ಅರ್ಜಿ ವಾಪಸಾದರೆ ಆ ದಿನವೂ ವಾಪಸು. 21 ವರ್ಷ ಎಂಟು ತಿಂಗಳ ಮಗನಿರುವ ತಾಯಿಗೆ ಒಂದು ಸಹಿ ಬಿಟ್ಟುಹೋದದ್ದಕ್ಕೆ ಮಗನೇ ಕೈತಪ್ಪುತ್ತಾನೆ. ಸಣ್ಣ ಕೊರತೆಗಳಿಗೆ 30 ದಿನ ಕೊಟ್ಟು ಕಾಗದ ತರಿಸಿಕೊಳ್ಳಿ, ಮೊದಲು ತಲುಪಿದ ದಿನವನ್ನೇ ವಯಸ್ಸಿಗೆ ಹಿಡಿಯಿರಿ ಎಂಬುದು ನಮ್ಮ ಬೇಡಿಕೆ. ಅದು ಆಗುವ ತನಕ ಅರ್ಜಿದಾರರು ತಮ್ಮ ಕಡೆಯಿಂದ ಬಿಗಿಯಾಗಿರಬೇಕು.

ವಾಪಸಾಗುವ ಅರ್ಜಿಗಳಲ್ಲಿ ಕಾಣುವ ತಪ್ಪುಗಳು ಹೆಚ್ಚುಕಡಿಮೆ ಇವೇ. ನಮೂನೆಯ ಹಳೆಯ ಆವೃತ್ತಿ. ಸಂಗಾತಿಯ ಸಹಿ ಇಲ್ಲದಿರುವುದು. ಹಿನ್ನೆಲೆ ಘೋಷಣೆಯ ನಮೂನೆಯಾದ ಐಎಂಎಂ 5669ರಲ್ಲಿ ಹತ್ತು ವರ್ಷದ ಚರಿತ್ರೆ ತುಂಬುವಾಗ ಕೆಲಸವಿಲ್ಲದೆ ಮನೆಯಲ್ಲಿದ್ದ ಮೂರು ತಿಂಗಳನ್ನು ಬಿಡುವುದು. ಆ ತಿಂಗಳಿಗೆ ‘ನಿರುದ್ಯೋಗಿ’ ಎಂದೇ ಬರೆಯಬೇಕು, ಖಾಲಿ ಬಿಡಬಾರದು. ಕನ್ನಡದಲ್ಲಿರುವ ಜನನ ಪತ್ರ, ಅಂಕಪಟ್ಟಿಗಳಿಗೆ ಅನುವಾದ ಮಾತ್ರ ಇಟ್ಟು ಮೂಲದ ಪ್ರತಿಯನ್ನೋ ಅನುವಾದಕರ ಅಫಿಡವಿಟ್ಟನ್ನೋ ಬಿಡುವುದು. ಶುಲ್ಕ ಕಡಿಮೆ ಕಟ್ಟುವುದು. 2024ರ ಏಪ್ರಿಲ್ 30ರ ದರಪಟ್ಟಿಯಲ್ಲಿ ಮುಖ್ಯ ಅರ್ಜಿದಾರರಿಗೆ 635 ಡಾಲರ್, ಕಾಯಂ ವಾಸದ ಹಕ್ಕಿಗೆ 575, ಸಂಗಾತಿಗೂ ಅಷ್ಟೇ, ಮಗುವೊಂದಕ್ಕೆ 175, ಬಯೊಮೆಟ್ರಿಕ್‌ಗೆ ಒಬ್ಬರಿಗೆ 85, ಒಟ್ಟಿಗೆ ಅರ್ಜಿ ಹಾಕುವ ಕುಟುಂಬಕ್ಕೆ ಗರಿಷ್ಠ 170. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 2,940 ಡಾಲರ್. ದರ ಎರಡು ವರ್ಷಕ್ಕೊಮ್ಮೆ ಏರುತ್ತದೆ, ಕಟ್ಟುವ ದಿನದ ಪಟ್ಟಿಯನ್ನೇ ನೋಡಬೇಕು.

ಹೆಸರಿನ ಗೊಂದಲ ನಮ್ಮ ಕಡೆಯವರಿಗೆ ವಿಶೇಷ. ತಂದೆಯ ಹೆಸರಿನ ಇನಿಷಿಯಲ್ ಒಂದು ಕಡೆ, ಊರಿನ ಹೆಸರು ಇನ್ನೊಂದು ಕಡೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಖಾಲಿ ಇದ್ದರೆ ಪಾಸ್‌ಪೋರ್ಟಿನ ಪೂರ್ಣ ಹೆಸರನ್ನು ಅರ್ಜಿಯ ಸರ್‌ನೇಮ್ ಜಾಗದಲ್ಲಿ ಬರೆದು ‘ಗಿವನ್ ನೇಮ್’ ಜಾಗವನ್ನು ಖಾಲಿ ಬಿಡಬೇಕು. ಭಾಷಾ ಪರೀಕ್ಷೆ, ಶಿಕ್ಷಣ ಮೌಲ್ಯಮಾಪನ, ಪೊಲೀಸ್ ಪ್ರಮಾಣಪತ್ರ ಮೂರನ್ನೂ ಪಾಸ್‌ಪೋರ್ಟಿನ ಕಾಗುಣಿತದಲ್ಲೇ ಮಾಡಿಸಬೇಕು.

ಕಾಗದಗಳ ಆಯಸ್ಸು ಒಂದೊಂದರದ್ದು ಒಂದೊಂದು. ಭಾಷಾ ಪರೀಕ್ಷೆಗೆ ಎರಡು ವರ್ಷ. ಐಇಎಲ್‌ಟಿಎಸ್ ಜನರಲ್‌ನಲ್ಲಿ ಸಿಎಲ್‌ಬಿ 4 ಎಂದರೆ ಕೇಳುವುದರಲ್ಲಿ 4.5, ಓದುವುದರಲ್ಲಿ 3.5, ಬರೆಯುವುದರಲ್ಲೂ ಮಾತಿನಲ್ಲೂ 4.0. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಸರಾಸರಿ ಉಪಯೋಗಕ್ಕೆ ಬಾರದು. ಅಕಾಡೆಮಿಕ್ ಪರೀಕ್ಷೆ ಬರೆದು ಬಂದವರಿದ್ದಾರೆ, ಅದು ನಡೆಯುವುದಿಲ್ಲ. ಶಿಕ್ಷಣ ಮೌಲ್ಯಮಾಪನಕ್ಕೆ ಐದು ವರ್ಷ. ಎಸ್‌ಎಸ್‌ಎಲ್‌ಸಿ ಸಾಲದು, ಸಾಮಾನ್ಯವಾಗಿ ದ್ವಿತೀಯ ಪಿಯುಸಿ ಬೇಕು. ವೈದ್ಯಕೀಯ ತಪಾಸಣೆಗೆ 12 ತಿಂಗಳು. ಪೊಲೀಸ್ ಪ್ರಮಾಣಪತ್ರ ಕಳೆದ ಹತ್ತು ವರ್ಷದಲ್ಲಿ ಸತತ ಆರು ತಿಂಗಳು ಇದ್ದ ಪ್ರತಿ ದೇಶದಿಂದ ಬೇಕು. ಕುವೈತ್‌ನಲ್ಲೋ ಸೌದಿಯಲ್ಲೋ ದುಡಿದು ಬಂದವರಿಗೆ ಇದೇ ಅತಿ ನಿಧಾನದ ಕಾಗದ, ಬೇರೆಲ್ಲಕ್ಕಿಂತ ಮೊದಲು ಇದನ್ನು ಶುರುಮಾಡಿ.

ಪರ್ಮಿಟ್ ಮುಗಿಯುವ ಮುನ್ನವೇ ನವೀಕರಣಕ್ಕೆ ಹಾಕಿದರೆ ತೀರ್ಮಾನ ಬರುವವರೆಗೆ ಹಳೆಯ ಷರತ್ತಿನಲ್ಲೇ ದುಡಿಯಬಹುದು. ಆದರೆ ಆ ಅವಧಿಯಲ್ಲಿ ದೇಶ ಬಿಟ್ಟು ಹೋದರೆ ಆ ಹಕ್ಕು ಹೋಗುತ್ತದೆ. ಊರಿನ ಮದುವೆಗೆಂದು ಹೋಗಿ ಇಲ್ಲಿ ಸಿಕ್ಕಿಕೊಳ್ಳುವವರು ಕಡಿಮೆಯಿಲ್ಲ.

ಕುಟುಂಬದವರ ಹೆಸರನ್ನು ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಬೇರಾದ ಗಂಡ, ಮೊದಲ ಮದುವೆಯ ಮಗ, ಅಜ್ಜಿಯ ಮನೆಯಲ್ಲಿರುವ ಮಗಳು, ಬರುವವರಿರಲಿ ಬಾರದವರಿರಲಿ, ಎಲ್ಲರನ್ನೂ ತೋರಿಸಬೇಕು, ತಪಾಸಣೆಗೆ ಒಳಪಡಿಸಬೇಕು. ಬಿಟ್ಟರೆ ನಿಯಮಾವಳಿಯ 117(9)(ಡಿ) ಅವರನ್ನು ಮುಂದೆ ಕರೆಸಿಕೊಳ್ಳುವ ದಾರಿಗೇ ಬೇಲಿ ಹಾಕುತ್ತದೆ. ‘ಮಕ್ಕಳಿದ್ದಾರೆ ಎಂದರೆ ವೀಸಾ ಕೊಡಲ್ಲ’ ಎಂದು ಹೇಳಿಕೊಡುವ ಏಜೆಂಟರು ಇವತ್ತಿಗೂ ಇದ್ದಾರೆ. 1970ರ ದಶಕದ ಆ ತಾಯಂದಿರಿಗೆ ಸಿಕ್ಕ ಸಲಹೆಗೂ ಇದಕ್ಕೂ ಏನು ವ್ಯತ್ಯಾಸ? ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಐದು ವರ್ಷ ನಿಷೇಧ. ಶುಲ್ಕ ಪಡೆದು ಅರ್ಜಿಯಲ್ಲಿ ಪ್ರತಿನಿಧಿಸಲು ವಕೀಲರು, ಕ್ವಿಬೆಕ್ ನೋಟರಿಗಳು, ವಲಸೆ ಸಲಹೆಗಾರರ ನಿಯಂತ್ರಣ ಸಂಸ್ಥೆಯಾದ ‘ಕಾಲೇಜಿ’ನಲ್ಲಿ ನೋಂದಾಯಿತರಾದವರು, ಇವರಿಗಷ್ಟೇ ಅಧಿಕಾರ. ಆ ಕಾಲೇಜಿನ ಜಾಲತಾಣದಲ್ಲಿ ಹೆಸರು ಹುಡುಕಲು ಎರಡು ನಿಮಿಷ ಸಾಕು.

ಆರೋಗ್ಯದ ವಿಷಯದಲ್ಲಿ ನಿಮ್ಮ ಇಲಾಖೆ ತಿದ್ದಿಕೊಂಡದ್ದನ್ನೂ ಹೇಳಬೇಕು. ಫಿಲಿಪ್ಪೀನ್ಸ್‌ನ ಹುವಾನಾ ತೆಹಾದಾ ಮೂರು ವರ್ಷ ದುಡಿದ ಮೇಲೆ ಎರಡನೇ ವೈದ್ಯಕೀಯ ತಪಾಸಣೆಯಲ್ಲಿ ಕ್ಯಾನ್ಸರ್ ಪತ್ತೆಯಾಗಿ ಪಿಆರ್ ನಿರಾಕರಣೆಗೊಳಗಾದರು. ಜನ ಎದ್ದು ನಿಂತ ಮೇಲೆ 2008ರಲ್ಲಿ ಪಿಆರ್ ಸಿಕ್ಕಿತು, 2009ರಲ್ಲಿ ಅವರು ತೀರಿಕೊಂಡರು. 2010ರಲ್ಲಿ ಆ ಎರಡನೇ ತಪಾಸಣೆಯನ್ನೇ ತೆಗೆದುಹಾಕಿದಿರಿ. 2018ರ ಜೂನ್‌ನಲ್ಲಿ ಆರೋಗ್ಯ ಸೇವೆಗೆ ‘ಅತಿಯಾದ ಹೊರೆ’ ಎಂದು ನಿರಾಕರಿಸುವ ವೆಚ್ಚದ ಮಿತಿಯನ್ನು ಮೂರು ಪಟ್ಟು ಮಾಡಿ, ವಿಶೇಷ ಶಿಕ್ಷಣದ ಖರ್ಚನ್ನು ಲೆಕ್ಕದಿಂದ ಬಿಟ್ಟಿರಿ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೇ ಇದನ್ನು ಎತ್ತಿದ್ದು.

ಇನ್ನು ಮನೆಯವರಿಗೆ. ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಆರೈಕೆಗಿರುವವರು ‘ಮನೆಯವರ ಹಾಗೆ’ ಇರಬಹುದು. ಕಾನೂನಿನ ಕಣ್ಣಿಗೆ ನೀವು ಉದ್ಯೋಗದಾತರು. ತೆರಿಗೆ ಇಲಾಖೆಯಲ್ಲಿ ಪೇರೋಲ್ ಖಾತೆ ತೆರೆಯಬೇಕು. ಸಂಬಳದಿಂದ ಪಿಂಚಣಿಗೆ 5.95 ಶೇಕಡ ಹಿಡಿದು ಅಷ್ಟೇ ಮೊತ್ತವನ್ನು ನೀವೂ ಸೇರಿಸಿ ಕಟ್ಟಬೇಕು. ಉದ್ಯೋಗ ವಿಮೆಗೆ ಅವರಿಂದ ಹಿಡಿದದ್ದರ 1.4 ಪಟ್ಟು ನಿಮ್ಮ ಪಾಲು. ಫೆಬ್ರವರಿ ಕೊನೆಯೊಳಗೆ ಟಿ4 (ವರ್ಷದ ಸಂಬಳ, ಕಡಿತಗಳ ಚೀಟಿ) ಕೊಡಬೇಕು. ಒಂಟಾರಿಯೊದಲ್ಲಿ ವಾರಕ್ಕೆ 24 ಗಂಟೆ ಮೀರಿ ದುಡಿಸಿದರೆ ಕೆಲಸದ ಅಪಘಾತ ವಿಮೆಯಲ್ಲೂ ನೋಂದಾಯಿಸಬೇಕು. ವಾರದ 44 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೂಲಿ. ಎಲ್‌ಎಂಐಎ ಮೂಲಕ ನೇಮಿಸಿ ಮನೆಯಲ್ಲೇ ಇರಿಸಿಕೊಂಡರೆ ಕೋಣೆಗೂ ಊಟಕ್ಕೂ ಒಂದು ಸೆಂಟ್ ಹಿಡಿಯುವಂತಿಲ್ಲ, ಕೋಣೆಗೆ ಬೀಗವಿರಬೇಕು. ಎಲ್‌ಎಂಐಎ ಖರ್ಚನ್ನೋ ಏಜೆಂಟನ ಖರ್ಚನ್ನೋ ಅವರ ಸಂಬಳದಲ್ಲಿ ಮುರಿದುಕೊಳ್ಳುವುದು ಅಪರಾಧ. ಅಂದಹಾಗೆ, ವೈದ್ಯಕೀಯ ಅಗತ್ಯವಿರುವವರ ಆರೈಕೆಗಾದರೆ, ಅಥವಾ 13ರೊಳಗಿನ ಮಗುವಿದ್ದು ಕುಟುಂಬದ ವಾರ್ಷಿಕ ಆದಾಯ 1,50,000 ಡಾಲರ್ ಮೀರದಿದ್ದರೆ, 1,000 ಡಾಲರಿನ ಆ ಶುಲ್ಕವೇ ಇಲ್ಲ. ಗೊತ್ತಿಲ್ಲದೆ ಕಟ್ಟಿ, ಆಮೇಲೆ ಅವರಿಂದ ವಸೂಲಿಗೆ ಹೊರಡಬೇಡಿ.

‘ಕೈಗೆ ಕೊಟ್ಟರೆ ಇಬ್ಬರಿಗೂ ತೆರಿಗೆ ಉಳಿಯುತ್ತದೆ’ ಎಂಬ ಲೆಕ್ಕ ಇಲ್ಲಿ ಪೂರ್ತಿ ತಪ್ಪು. ನಗದು ಸಂಬಳಕ್ಕೆ ಟಿ4 ಇಲ್ಲ. ಟಿ4 ಇಲ್ಲದ ಅನುಭವವನ್ನು ಪಿಆರ್ ಅಧಿಕಾರಿ ನಂಬುವುದಿಲ್ಲ. ನೀವು ತಿಂಗಳಿಗೆ ಒಂದಷ್ಟು ಡಾಲರ್ ಉಳಿಸಿದ್ದಕ್ಕೆ ಅವರ ಎರಡು ವರ್ಷ ನೀರಿಗೆ ಹೋಗುತ್ತದೆ. ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ, ಪ್ರತಿ ಸಲ ಪೇ ಸ್ಲಿಪ್ ಕೊಡಿ.

ನೀವು ಬರೆದುಕೊಡುವ ಅನುಭವ ಪತ್ರದ ಮೇಲೆ ಅರ್ಜಿ ನಿಂತಿರುತ್ತದೆ. ಶುರುವಾದ ದಿನ, ಮುಗಿದ ದಿನ, ವಾರದ ಗಂಟೆ, ಗಂಟೆಯ ಕೂಲಿ, ನಿಮ್ಮ ಸಹಿ, ಫೋನ್. ಕೆಲಸದ ವಿವರದಲ್ಲಿ ‘ಅಡುಗೆ, ಸ್ವಚ್ಛತೆ, ಬಟ್ಟೆ ಒಗೆಯುವುದು’ ಎಂದು ಮೊದಲು ಬರೆದರೆ ಅಧಿಕಾರಿ ಅದನ್ನು ಮನೆಗೆಲಸವೆಂದು ಓದುತ್ತಾನೆ, ಮನೆಗೆಲಸ ಪೈಲಟ್‌ನಿಂದ ಹೊರಗೆ. ನಿಜವಾಗಿ ಮಾಡಿದ್ದನ್ನೇ, ಆದರೆ ಆರೈಕೆಯಿಂದ ಶುರುಮಾಡಿ ಬರೆಯಿರಿ: ಮಗುವಿಗೆ ಉಣಿಸುವುದು, ನಿದ್ದೆ, ಆಟ, ಶಾಲೆಗೆ ಬಿಡುವುದು, ಹಿರಿಯರನ್ನು ಎಬ್ಬಿಸಿ ಕೂರಿಸುವುದು, ಸ್ನಾನ, ಮಾತ್ರೆ ನೆನಪಿಸುವುದು, ವೈದ್ಯರ ಭೇಟಿ. ಎನ್‌ಒಸಿಯ ವಾಕ್ಯಗಳನ್ನು ಹಾಗೇ ನಕಲು ಮಾಡಿದ ಪತ್ರವನ್ನೂ ಅವರು ಸಂಶಯದಿಂದ ನೋಡುತ್ತಾರೆ. ಪತ್ರದ ದಿನಾಂಕ ಟಿ4ರ ಮೊತ್ತಕ್ಕೆ ತಾಳೆಯಾಗಬೇಕು. ಅದನ್ನು ಕೆಲಸ ಬಿಡುವ ದಿನವೇ ಕೊಟ್ಟುಬಿಡಿ. ಮನಸ್ತಾಪವಾಗಿ ಹೊರಟರೂ ಕೊಡಿ.

ಪಾಸ್‌ಪೋರ್ಟ್ ‘ಜೋಪಾನವಾಗಿರಲಿ’ ಎಂದು ನಿಮ್ಮ ಬೀರುವಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆದು ಅವರ ಕೈಗೆ ಕೊಡಿ. ಒಂಟಾರಿಯೊದಲ್ಲಿ 2010ರ ಮಾರ್ಚ್‌ನಿಂದಲೇ ಅದು ಕಾನೂನುಬಾಹಿರ. ಕೆಲಸಗಾರರಿಂದ ನೇಮಕಾತಿ ಶುಲ್ಕ ವಸೂಲಿಯೂ ಅಷ್ಟೇ. ವಸೂಲಾಗಿದ್ದರೆ ಮರಳಿ ಕೇಳಲು ಅವರಿಗೆ ಮೂರೂವರೆ ವರ್ಷ ಕಾಲಾವಕಾಶವಿದೆ.

ಸಚಿವರೇ, ಮುಂದಿನ ಸಲ ಬಾಗಿಲು ತೆರೆಯುವಾಗ ಓಟದ ಪಂದ್ಯ ಬೇಡ. ಒಂದು ತಿಂಗಳು ಅರ್ಜಿ ಸ್ವೀಕರಿಸಿ, ದುಡಿದ ಗಂಟೆಗಳ ಹಿರಿತನದ ಮೇಲೆ ಸಾಲು ಮಾಡಿ, ಈ ವರ್ಷ ಸಿಗದವರನ್ನು ಮುಂದಿನ ವರ್ಷದ ಸಾಲಿನ ಮುಂದೆ ನಿಲ್ಲಿಸಿ. ಅದಕ್ಕೆ ಮೊದಲು ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡಿ. 2025ರ ಮಾರ್ಚ್ 31ರ ಸ್ವೀಕೃತಿಗಳಲ್ಲಿ ಅಪೂರ್ಣವೆಂದು ವಾಪಸಾದವು ಎಷ್ಟು? ಆ ಜಾಗಗಳನ್ನು ಯಾರಿಗೆ ಕೊಟ್ಟಿರಿ?

ಇತಿ,
ಮನೆ ಆರೈಕೆ ಕೆಲಸಗಾರರ ಪರವಾಗಿ ಕೆನಡಾದ ಕೆಲವು ಕನ್ನಡಿಗರು